ಸಿನಿಮಾ ನೋಡಿದ ಮೇಲೆ ಪುಸ್ತಕ ಯಾಕೆ ಓದಬೇಕು? ಸ್ಪ್ಯಾನಿಷ್ ಸಾಹಿತ್ಯದ ತರಗತಿಯಿಂದ ಬಂದ ಪ್ರಶ್ನೆ

ಪ್ರಶ್ನೆ: ಬೆಂಗಳೂರಿನ ಕಾಲೇಜೊಂದರಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಮೂರನೇ ವರ್ಷದ ಮಕ್ಕಳು, ಭಾಷೆ ಬಿ1 (ಮಧ್ಯಮ) ಮಟ್ಟದಲ್ಲಿದೆ. ಈ ಸೆಮಿಸ್ಟರ್‌ನಿಂದ ಅಭಿಜಾತ ಸಾಹಿತ್ಯದ ಪತ್ರಿಕೆ ಶುರುವಾಗಿದೆ: ‘ಲಾಸಾರಿಯೊ ದೆ ತೋರ್ಮೆಸ್’, ಸೆರ್ವಾಂತೆಸ್ ಬರೆದ ‘ದೋನ್ ಕಿಹೋತೆ’ಯ ಕೆಲವು ಅಧ್ಯಾಯ, ಕಾಲ್ದೆರೋನನ ‘ಲಾ ವಿದಾ ಎಸ್ ಸ್ವೆನ್ಯೊ’ (ಬದುಕೊಂದು ಕನಸು) ನಾಟಕದ ಭಾಗ, ಕೆವೇದೊ ಮತ್ತು ಗೊಂಗೋರಾ ಕವಿತೆಗಳು. ಮಕ್ಕಳು ‘ಲಾ ಕಾಸಾ ದೆ ಪಾಪೆಲ್’ (‘ಮನಿ ಹೈಸ್ಟ್’) ಸೀರೀಸ್ ನೋಡಿ, ರೊಸಾಲಿಯಾ ಹಾಡು ಕೇಳಿ ಸ್ಪ್ಯಾನಿಷ್‌ಗೆ ಬಂದವರು. ‘ಲಾಸಾರಿಯೊ’ ಮೊದಲ ಪುಟದಲ್ಲೇ ಕೈಚೆಲ್ಲಿದರು. ಹಾಗಾಗಿ 1959ರ ಸಿನಿಮಾವನ್ನು ಪೂರ್ತಿ ತೋರಿಸಿದೆ. ಖುಷಿಯಿಂದ ನೋಡಿದರು, ಆಮೇಲೆ ಯಾರೂ ಪುಸ್ತಕ ಮುಟ್ಟಲಿಲ್ಲ. “ಕಥೆ ಗೊತ್ತಾಯ್ತಲ್ಲ ಮೇಡಂ” ಅಂತಾರೆ. ವಿಭಾಗದ ಮುಖ್ಯಸ್ಥರು ಇದನ್ನೆಲ್ಲ ಮನರಂಜನೆ ಅನ್ನುತ್ತಾರೆ. ಸಿನಿಮಾ, ಸೀರೀಸ್, ರ‍್ಯಾಪ್ ತರುವುದೇ ತಪ್ಪೇ? ಕಳ್ಳರ ಕಥೆ ಅಂತ ‘ಲಾ ಕಾಸಾ ದೆ ಪಾಪೆಲ್’, ಕನಸಿನ ಕಥೆ ಅಂತ ‘ದಿ ಮೇಟ್ರಿಕ್ಸ್’, ಜಗಳದ ಕವಿಗಳು ಅಂತ ರ‍್ಯಾಪ್ ಬ್ಯಾಟಲ್ ಇಟ್ಟುಕೊಳ್ಳಬಹುದೇ? ಎಷ್ಟು ಹೊತ್ತು ತೋರಿಸಬೇಕು, ಅಂಕ ಹೇಗೆ ಕೊಡಬೇಕು?

ಉತ್ತರ: ನಿಮ್ಮ ಮಕ್ಕಳು ಪ್ರಾಮಾಣಿಕವಾಗಿಯೇ ಮಾತಾಡಿದ್ದಾರೆ. ಅವರ ಮುಂದೆ ಇದ್ದದ್ದು “ಏನಾಯ್ತು?” ಎಂಬ ಒಂದೇ ಪ್ರಶ್ನೆ. ಅದಕ್ಕೆ ಸಿನಿಮಾ ಉತ್ತರ ಕೊಟ್ಟಿತು, ಪುಸ್ತಕಕ್ಕೆ ಕೆಲಸ ಉಳಿಯಲಿಲ್ಲ. ‘ಬಭ್ರುವಾಹನ’ ಸಿನಿಮಾ ನೋಡಿದವರಲ್ಲಿ ಎಷ್ಟು ಜನ ಲಕ್ಷ್ಮೀಶನ ‘ಜೈಮಿನಿ ಭಾರತ’ ತೆರೆದಿದ್ದಾರೆ ಎಂದು ಕೇಳಿಕೊಂಡರೆ ಇದು ಸ್ಪ್ಯಾನಿಷ್‌ಗೆ ಮಾತ್ರ ಅಂಟಿದ ಸಮಸ್ಯೆಯಲ್ಲ ಎಂದು ತಿಳಿಯುತ್ತದೆ. ಆದ್ದರಿಂದ ಸಿನಿಮಾ ಬೇಕೋ ಬೇಡವೋ ಎಂಬ ಚರ್ಚೆಯನ್ನು ಬದಿಗಿಡಿ. ತರಗತಿಗೆ ತರುವ ಪ್ರತಿಯೊಂದು ಕ್ಲಿಪ್, ಹಾಡು, ಸೀರೀಸ್‌ಗೂ ಒಂದೇ ಪರೀಕ್ಷೆ ಸಾಕು: ಇದು ಹುಟ್ಟಿಸುವ ಪ್ರಶ್ನೆಗೆ ಉತ್ತರ ಮೂಲದ ಪುಟದಲ್ಲಿ ಮಾತ್ರ ಸಿಗುತ್ತದೆಯೇ? ಸಿಗುವುದಾದರೆ ತನ್ನಿ. ಉತ್ತರವೂ ತೆರೆಯ ಮೇಲೇ ಮುಗಿದುಹೋಗುವುದಾದರೆ ಅದು ಎಷ್ಟೇ ಚೆನ್ನಾಗಿದ್ದರೂ ತರಗತಿಯ ಹೊರಗಿರಲಿ.

ಮುಖ್ಯಸ್ಥರ ಮಾತಿಗೆ ಮೊದಲು ಬರುತ್ತೇನೆ. ಜನಪ್ರಿಯ ಮಾಧ್ಯಮ ಬೇರೆ, ಅಭಿಜಾತ ಸಾಹಿತ್ಯ ಬೇರೆ ಎಂಬ ಗೆರೆ ಈ ಪತ್ರಿಕೆಯ ಕೃತಿಗಳ ಮಟ್ಟಿಗೆ ನಿಲ್ಲುವುದಿಲ್ಲ. 16-17ನೇ ಶತಮಾನದ ಸ್ಪೇನಿನಲ್ಲಿ ನಾಟಕ ನಡೆಯುತ್ತಿದ್ದದ್ದು ‘ಕೊರಾಲ್’ ಎಂಬ ತೆರೆದ ಅಂಗಳದಲ್ಲಿ, ಹಗಲು ಬೆಳಕಿನಲ್ಲಿ. ಕಾಸು ಕಡಿಮೆ ಕೊಟ್ಟವರು ಅಂಗಳದಲ್ಲಿ ನಿಂತೇ ನೋಡುತ್ತಿದ್ದರು, ಹಿಡಿಸದಿದ್ದರೆ ಗಲಾಟೆ ಎಬ್ಬಿಸುತ್ತಿದ್ದರು. ಅಲ್ಮಾಗ್ರೊ ಊರಿನ ಕೊರಾಲ್‌ನಲ್ಲಿ ಇವತ್ತಿಗೂ ಪ್ರದರ್ಶನಗಳು ನಡೆಯುತ್ತವೆ. ಆಗಿನ ಹೆಸರಾಂತ ನಾಟಕಕಾರ ಲೋಪೆ ದೆ ವೇಗಾ 1609ರಲ್ಲಿ ನಾಟಕರಚನೆಯ ಬಗ್ಗೆ ಬರೆದ ಪದ್ಯದಲ್ಲಿ, ಹಣ ಕೊಡುವವರು ಸಾಮಾನ್ಯ ಜನ, ಹಾಗಾಗಿ ಅವರಿಗೆ ಹಿಡಿಸುವಂತೆ ಬರೆಯುವುದೇ ನ್ಯಾಯ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಕಥನಗೀತಗಳು ಮಡಚಿದ ಅಗ್ಗದ ಹಾಳೆಗಳಲ್ಲಿ ಅಚ್ಚಾಗಿ ಬೀದಿಯಲ್ಲಿ ಮಾರಾಟವಾಗುತ್ತಿದ್ದವು. ‘ದೋನ್ ಕಿಹೋತೆ’ (ನಮ್ಮಲ್ಲಿ ಡಾನ್ ಕ್ವಿಕ್ಸೋಟ್ ಎಂದೇ ಹೆಸರಾದದ್ದು) 1605ರಲ್ಲಿ ಮ್ಯಾಡ್ರಿಡ್‌ನಲ್ಲಿ ಹೊರಬಂತು. ಅದೇ ವರ್ಷ ಲಿಸ್ಬನ್, ವೇಲೆನ್ಸಿಯಾಗಳಲ್ಲೂ ಮುದ್ರಣಗೊಂಡಿತು. ಹುಟ್ಟಿದಾಗ ಇವೆಲ್ಲ ಜನಪ್ರಿಯ ಮಾಧ್ಯಮವೇ ಆಗಿದ್ದವು.

ಆದರೆ ಮುಖ್ಯಸ್ಥರ ಅನುಮಾನದಲ್ಲಿ ಒಂದು ಸತ್ಯವೂ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಸಿನಿಮಾ ಸನ್ನಿವೇಶವನ್ನು ಕೊಡುತ್ತದೆ, ವಾಕ್ಯವನ್ನು ಕೊಡುವುದಿಲ್ಲ. ನಿಮ್ಮ ಮಕ್ಕಳು ಸೋತದ್ದು ವಾಕ್ಯದ ಮುಂದೆ. ಯಾರ ಸಹಾಯವೂ ಇಲ್ಲದೆ ಓದಿ ಅರ್ಥಮಾಡಿಕೊಳ್ಳಲು ನೂರಕ್ಕೆ ಸುಮಾರು 98 ಪದಗಳು ಗೊತ್ತಿರಬೇಕು ಎಂಬುದು ಎರಡನೇ ಭಾಷೆಯ ಓದಿನ ಸಂಶೋಧನೆಯಲ್ಲಿ ಸಾಮಾನ್ಯವಾಗಿ ಬಳಸುವ ಅಳತೆ. ಬಿ1 ವಿದ್ಯಾರ್ಥಿ ‘ಲಾಸಾರಿಯೊ’ದಂಥ 1554ರ ಪುಟದಲ್ಲಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ‘ಆಹೋರಾ’ ಎಂದು ಕಲಿತವರಿಗೆ ಅಲ್ಲಿ ‘ಅಗೋರಾ’ ಸಿಗುತ್ತದೆ, ‘ಅಸೀ’ ಎಂಬಲ್ಲಿ ‘ಅನ್ಸೀ’. ಸರ್ವನಾಮ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ಒಂದು ವಾಕ್ಯ ಆರೇಳು ಸಾಲು ಹರಿಯುತ್ತದೆ. ಎರಡು ಗಂಟೆ ಸಿನಿಮಾ ತೋರಿಸಿದರೂ ಇದರಲ್ಲಿ ಒಂದೂ ಸಲೀಸಾಗುವುದಿಲ್ಲ.

ಇದಕ್ಕೆ ಮದ್ದು ಪಠ್ಯದ ಕಡೆಯಿಂದಲೇ ಆಗಬೇಕು. ತರಗತಿಯಲ್ಲಿ ನಿಜವಾಗಿ ಓದುವುದು ಒಂದು ಸಲಕ್ಕೆ 250-300 ಪದಗಳ ಮೂಲ ತುಣುಕು ಮಾತ್ರ ಇರಲಿ. ಅದರ ಪಕ್ಕದ ಅಂಚಿನಲ್ಲಿ ಇಪ್ಪತ್ತರ ಆಸುಪಾಸು ಪದಗಳಿಗೆ ಇಂದಿನ ಸ್ಪ್ಯಾನಿಷ್‌ನಲ್ಲಿ ಅರ್ಥ ಕೊಡಿ. ತುಣುಕುಗಳ ನಡುವಿನ ಕಥೆಗೆ ಸರಳಗೊಳಿಸಿದ ಆವೃತ್ತಿ ಸಾಕು. ‘ಕಿಹೋತೆ’ಗೆ ಕೆಲಸ ಇನ್ನೂ ಸುಲಭ: ಆಂದ್ರೆಸ್ ತ್ರಾಪಿಯೆಯೊ 2015ರಲ್ಲಿ ಇಡೀ ಕೃತಿಯನ್ನು ಇಂದಿನ ಸ್ಪ್ಯಾನಿಷ್‌ಗೆ ತಂದಿದ್ದಾರೆ. ಮೂಲದ ಮೊದಲ ವಾಕ್ಯದಲ್ಲಿ ‘ಲಾನ್ಸಾ ಎನ್ ಅಸ್ತಿಯೇರೊ, ಅದಾರ್ಗಾ ಆಂತೀಗ್ವಾ’ ಎಂದಿರುವುದು ಅಲ್ಲಿ ‘ಲಾನ್ಸಾ ಯಾ ಓಲ್ವಿದಾದಾ, ಎಸ್ಕೂದೊ ಆಂತೀಗ್ವೊ’ ಆಗಿದೆ. ಈಟಿಯ ಸ್ಟ್ಯಾಂಡಿನಲ್ಲಿ ಇಟ್ಟ ಈಟಿ ಎಂಬುದು ಮರೆತುಹೋದ ಈಟಿ ಎಂದಾಗಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸಿ. ಏನು ಸಿಕ್ಕಿತು, ಏನು ಹೋಯಿತು ಎಂದು ಮಕ್ಕಳೇ ಹೇಳುತ್ತಾರೆ. ಟಿಪ್ಪಣಿ ಸಹಿತ ಮೂಲಪಠ್ಯ ಸೆಂತ್ರೊ ವಿರ್ತುವಾಲ್ ಸೆರ್ವಾಂತೆಸ್ ಜಾಲತಾಣದಲ್ಲೂ, ಉಳಿದ ಕೃತಿಗಳು ಬಿಬ್ಲಿಯೊತೇಕಾ ವಿರ್ತುವಾಲ್ ಮಿಗೆಲ್ ದೆ ಸೆರ್ವಾಂತೆಸ್‌ನಲ್ಲೂ ಉಚಿತವಾಗಿ ಸಿಗುತ್ತವೆ.

ಇನ್ನು ‘ಲಾಸಾರಿಯೊ’. ಮಕ್ಕಳು ಮೊದಲ ಪುಟದಲ್ಲೇ ಕೈಚೆಲ್ಲಿದರು ಎಂದಿರಿ. ಆ ಮೊದಲ ಪುಟ ಪೀಠಿಕೆ ಆಗಿದ್ದರೆ ತಪ್ಪು ಅವರದ್ದಲ್ಲ. ಪುಸ್ತಕದಲ್ಲೇ ಅತ್ಯಂತ ತೊಡಕಿನ ಪುಟ ಅದು. ಪ್ಲೀನಿ, ಸಿಸೆರೊ ಎಂಬ ಪ್ರಾಚೀನ ರೋಮನ್ ಲೇಖಕರೆಲ್ಲ ಬರುತ್ತಾರೆ, ಜೊತೆಗೆ ಕೊನೆಯ ಭಾಗ ಓದಿದವರಿಗಷ್ಟೇ ತಿಳಿಯುವ ಒಂದು ಪ್ರಕರಣದ ಪ್ರಸ್ತಾಪವೂ ಇದೆ. ಪೀಠಿಕೆಯನ್ನು ಕಟ್ಟಕಡೆಗೆ ಓದಿಸಿ. ಶುರು ಮಾಡಬೇಕಾದ್ದು “ಪ್ವೆಸ್ ಸೆಪಾ ವ್ವೆಸ್ತ್ರಾ ಮೆರ್ಸೆದ್” ಎಂಬ ಸಾಲಿನಿಂದ, “ತಮಗೆ ತಿಳಿದಿರಲಿ ಸ್ವಾಮಿ, ನನ್ನನ್ನು ತೋರ್ಮೆಸ್‌ನ ಲಾಸಾರೊ ಅಂತಾರೆ” ಎಂದು ಕಥಾನಾಯಕ (ಲಾಸಾರಿಯೊ ಎಂದರೆ ಪುಟ್ಟ ಲಾಸಾರೊ) ಬಾಯಿ ಬಿಡುವಲ್ಲಿಂದ.

ಇದಕ್ಕೆ ಜೋಡಿಸಬೇಕಾದ ಇಂದಿನ ಮಾಧ್ಯಮ ಯಾವುದು? ಎಲ್ಲರಿಗೂ ಮೊದಲು ಹೊಳೆಯುವುದು ಬಡ ಹುಡುಗನೊಬ್ಬನ ಸಿನಿಮಾ. ಅದು ಕಥೆಯ ಹೋಲಿಕೆ, ಅಲ್ಲಿಂದ ಹೆಚ್ಚು ಹುಟ್ಟುವುದಿಲ್ಲ. ‘ಲಾಸಾರಿಯೊ’ದ ಆಟವಿರುವುದು ಹೇಳುವ ಬಗೆಯಲ್ಲಿ. ತೊಲೇದೊದಲ್ಲಿ ಡಂಗುರ ಸಾರುವ ನೌಕರನಾಗಿ ನೆಲೆಯೂರಿದ, ದೊಡ್ಡವನಾದ ಲಾಸಾರೊ ತನ್ನ ಮೇಲೆ ಎದ್ದಿರುವ ಮಾತಿಗೆ ಮೇಲಿನವರಾರಿಗೋ ಪತ್ರದಲ್ಲಿ ವಿವರಣೆ ಕೊಡುತ್ತಿದ್ದಾನೆ. ಹಾಗಾಗಿ ಇದಕ್ಕೆ ಸರಿಸಾಟಿ, ಆರೋಪ ಬಂದ ಮೇಲೆ ಪ್ರಸಿದ್ಧರೊಬ್ಬರು ಕ್ಯಾಮೆರಾ ಎದುರು ಕೂತು “ನನ್ನ ಕಡೆಯ ಮಾತೂ ಕೇಳಿ” ಎನ್ನುವ ವಿಡಿಯೊ. ಅಂಥದ್ದೊಂದನ್ನು ಎರಡು ನಿಮಿಷ ತೋರಿಸಿ, ಹಲಗೆ ಮೇಲೆ ಮೂರು ಪ್ರಶ್ನೆ ಬರೆಯಿರಿ: ಕಿಯೆನ್ ಆಬ್ಲಾ? ಆ ಕಿಯೆನ್? ಕೆ ಕಾಯಾ? ಯಾರು ಮಾತಾಡುತ್ತಿದ್ದಾರೆ, ಯಾರಿಗೆ, ಯಾವುದನ್ನು ಹೇಳದೆ ಬಿಟ್ಟಿದ್ದಾರೆ? ಅದೇ ಮೂರು ಪ್ರಶ್ನೆ ಇಟ್ಟುಕೊಂಡು ಲಾಸಾರೊ ತನ್ನ ತಂದೆಯ ಬಗ್ಗೆ ಹೇಳುವ ಸಾಲುಗಳಿಗೆ ಬನ್ನಿ. ತಂದೆ ಗಿರಣಿಗೆ ಬಂದ ಜನರ ಮೂಟೆಗಳಿಗೆ ‘ರಕ್ತ ತೆಗೆಯುವ ಚಿಕಿತ್ಸೆ’ ಮಾಡಿದನಂತೆ, ಅಂದರೆ ಧಾನ್ಯ ಕದ್ದ. ಸಿಕ್ಕಿಬಿದ್ದು ನ್ಯಾಯದ ಕಾರಣಕ್ಕೆ ಹಿಂಸೆ ಅನುಭವಿಸಿದನಂತೆ. ಈ ಕೊನೆಯ ಮಾತು ಬೈಬಲ್‌ನಲ್ಲಿ ನೀತಿಗಾಗಿ ಹಿಂಸೆಗೊಳಗಾದವರು ಧನ್ಯರು ಎಂಬಲ್ಲಿಂದ ಎತ್ತಿಕೊಂಡದ್ದು. ಕಳ್ಳನೊಬ್ಬನನ್ನು ಅದೇ ಮಾತಿನಿಂದ ಧನ್ಯರ ಸಾಲಿಗೆ ಸೇರಿಸಿಬಿಟ್ಟ. ಮೂರನೇ ಪ್ರಶ್ನೆಗೆ ಮಕ್ಕಳು ಬೆರಳಿಟ್ಟು ತೋರಿಸಬಹುದಾದ ಉತ್ತರ ಐದು ಸಾಲಿನೊಳಗೇ ಸಿಕ್ಕಿತು. ಬೈಬಲ್ ಪರಿಚಯ ಇಲ್ಲದ ಮಕ್ಕಳಿಗೆ ಆ ಒಂದು ವಾಕ್ಯವನ್ನು ಮೊದಲೇ ಹಲಗೆಯ ಮೇಲೆ ಬರೆದಿಡಿ, ಇಲ್ಲದಿದ್ದರೆ ನಗು ಹುಟ್ಟುವುದಿಲ್ಲ.

ಎರಡನೇ ತರಗತಿಗೆ ವಿಡಿಯೊ ಬೇಡ. ದ್ರಾಕ್ಷಿ ಗೊಂಚಲಿನ ಪ್ರಸಂಗ ತೆಗೆದುಕೊಳ್ಳಿ. ಕುರುಡ ಯಜಮಾನನೂ ಹುಡುಗನೂ ಒಂದೊಂದೇ ಹಣ್ಣು ತಿನ್ನುವ ಒಪ್ಪಂದ ಮಾಡಿಕೊಳ್ಳುತ್ತಾರೆ. ಕುರುಡ ಎರಡೆರಡು ಕೀಳಲು ಶುರು ಮಾಡಿದ ಕೂಡಲೇ ಹುಡುಗ ಮೂರುಮೂರಕ್ಕೆ ಇಳಿಯುತ್ತಾನೆ. ಗೊಂಚಲು ಮುಗಿದ ಮೇಲೆ ಕುರುಡ, ನೀನು ಮೂರುಮೂರು ತಿಂದೆ ಎನ್ನುತ್ತಾನೆ. ಹೇಗೆ ಗೊತ್ತಾಯ್ತು? “ಎನ್ ಕೆ ಕೊಮೀಯಾ ಯೊ ದೋಸ್ ಆ ದೋಸ್ ಈ ಕಾಯಾಬಾಸ್”: ನಾನು ಎರಡೆರಡು ತಿನ್ನುತ್ತಿದ್ದರೂ ನೀನು ಸುಮ್ಮನಿದ್ದೆಯಲ್ಲ, ಅದರಿಂದ. ಮಕ್ಕಳು ಇದನ್ನು ಆರು ಚೌಕದ ಕಾಮಿಕ್ಸ್ ಮಾಡಲಿ. ಷರತ್ತು ಒಂದೇ: ಪ್ರತಿ ಚೌಕದಲ್ಲೂ ಮೂಲದಿಂದ ಎತ್ತಿದ ಒಂದು ಕ್ರಿಯಾಪದ ಇರಬೇಕು, ಅದನ್ನು ಕೆಡಿಸಬಾರದು. ಚಿತ್ರ ಹೇಗಿದ್ದರೂ ಸರಿ. ಈ ಷರತ್ತು ಸಡಿಲಿಸಿದಿರೋ, ಬಣ್ಣ ತುಂಬಲು ಒಂದು ಗಂಟೆ, ಓದಲು ಐದು ನಿಮಿಷ ಆಗುತ್ತದೆ. ಮೀಮ್, ಪೋಸ್ಟರ್, ‘ದೋನ್ ಕಿಹೋತೆಯ ಇನ್‌ಸ್ಟಾಗ್ರಾಂ ಪುಟ’ ಎಂಬ ಚಟುವಟಿಕೆಗಳೆಲ್ಲ ಕೆಡುವುದು ಹೀಗೆಯೇ. ವಿಕಿಪೀಡಿಯಾದ ಎರಡು ಪ್ಯಾರಾ ಸಾಕು, ಯಾರು ಬೇಕಾದರೂ ಪುಟ ಮಾಡಬಹುದು. ಪ್ರತಿ ಪೋಸ್ಟ್‌ಗೂ ಮೂಲದ ಒಂದು ಪದಗುಚ್ಛ, ಅಧ್ಯಾಯದ ಸಂಖ್ಯೆ ಕಡ್ಡಾಯ ಮಾಡಿದರೆ ಅದೇ ಚಟುವಟಿಕೆ ಓದಾಗುತ್ತದೆ.

ಮೂರನೇ ತರಗತಿಯಲ್ಲಿ ಏಳನೇ ಭಾಗ. ಪಾದ್ರಿಯ ಮನೆಯ ಕೆಲಸದಾಕೆಯನ್ನು ಲಾಸಾರೊ ಮದುವೆಯಾಗಿದ್ದಾನೆ. ಆಕೆಗೂ ಪಾದ್ರಿಗೂ ಸಂಬಂಧವಿದೆಯೆಂದು ಊರೆಲ್ಲ ಆಡಿಕೊಳ್ಳುತ್ತಿದೆ. ಅವನು ಮಾತ್ರ ಯಾರೂ ತನ್ನೆದುರು ಆ ಮಾತು ಎತ್ತಕೂಡದೆಂದು ಹೇಳಿ, ತಾನೀಗ ಭಾಗ್ಯದ ತುತ್ತತುದಿಯಲ್ಲಿದ್ದೇನೆ ಎಂದು ಮುಗಿಸುತ್ತಾನೆ. ದ್ರಾಕ್ಷಿ ಪ್ರಸಂಗ ಓದಿದ ಮಕ್ಕಳಿಗೆ ಸುಮ್ಮನಿರುವವನ ಲೆಕ್ಕಾಚಾರ ಗೊತ್ತಿರುತ್ತದೆ, ನೀವು ಹೆಚ್ಚು ವಿವರಿಸಬೇಕಾಗಿಲ್ಲ. ಇದಾದ ಮೇಲೆ ಪೀಠಿಕೆ ಓದಿಸಿ. ಅಲ್ಲಿ ಹೇಳಿದ್ದ ‘ಪ್ರಕರಣ’ ಯಾವುದೆಂದು ಈಗ ತಾನಾಗಿ ತಿಳಿಯುತ್ತದೆ. ಮನೆಗೆಲಸವಾಗಿ, ಆ ಹೆಂಡತಿಯ ದನಿಯಲ್ಲಿ 90 ಸೆಕೆಂಡಿನ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್. ಪುಸ್ತಕದಲ್ಲಿ ಆಕೆಗೆ ಮಾತೇ ಕಡಿಮೆ, ಹಾಗಾಗಿ ನಕಲು ಹೊಡೆಯಲು ಏನೂ ಸಿಗುವುದಿಲ್ಲ.

ಸಿನಿಮಾ ಬರಬೇಕಾದ್ದು ಇಷ್ಟೆಲ್ಲ ಆದ ಮೇಲೆ. ನೀವು ತೋರಿಸಿದ 1959ರ ಚಿತ್ರ 1960ರಲ್ಲಿ ಬರ್ಲಿನ್‌ನಲ್ಲಿ ಗೋಲ್ಡನ್ ಬೇರ್ ಗೆದ್ದದ್ದು, ನೋಡಲು ಸೊಗಸಾದದ್ದು. ಆದರೆ ಅದರಲ್ಲಿ ಲಾಸಾರೊ ಬಾಲಕನಾಗಿಯೇ ಉಳಿಯುತ್ತಾನೆ. ಪತ್ರ ಬರೆಯುವ, ಸುಳ್ಳನ್ನು ನಯವಾಗಿ ಮಡಚಿಡುವ ಗಂಡಸು ಅಲ್ಲಿಲ್ಲ. ಈಗ ಮತ್ತೆ ನಾಲ್ಕು ನಿಮಿಷ ತೋರಿಸಿ, “ಕಿಯೆನ್ ಆಬ್ಲಾ?” ಎಂದು ಕೇಳಿ. ಪುಸ್ತಕ ಓದಿದ ಮಕ್ಕಳಿಗೆ ಏನು ಕಾಣೆಯಾಗಿದೆ ಎಂದು ಹೇಳಲು ಬರುತ್ತದೆ. ಅಷ್ಟು ಬಂದರೆ ಅವರು ವಿಮರ್ಶೆ ಶುರು ಮಾಡಿದ್ದಾರೆ ಎಂದೇ ಲೆಕ್ಕ. ಫೆರ್ನಾನ್ ಗೋಮೆಸ್ ಮತ್ತು ಗಾರ್ಸಿಯಾ ಸಾಂಚೆಸ್ 2001ರಲ್ಲಿ ಮಾಡಿದ ಚಿತ್ರದಲ್ಲಿ ದೊಡ್ಡವನಾದ ಲಾಸಾರೊನೇ ಕಥೆ ಹೇಳುತ್ತಾನೆ, ಹೋಲಿಕೆಗೆ ಅದು ಬಲು ಒಳ್ಳೆಯದು. ವಯಸ್ಕರ ಚಿತ್ರ, ಮೊದಲು ನೀವೊಬ್ಬರೇ ನೋಡಿ ಭಾಗ ಆರಿಸಿಕೊಳ್ಳಿ.

‘ಲಾ ಕಾಸಾ ದೆ ಪಾಪೆಲ್’ ಬಗ್ಗೆ ಕೇಳಿದಿರಿ. ಕಳ್ಳರ ಕಥೆ ಎಂಬ ಕಾರಣಕ್ಕೆ ಅದನ್ನು ಲಾಸಾರೊನಂಥ ‘ಪೀಕಾರೊ’ಗಳ, ಅಂದರೆ ಚಾಲಾಕಿ ಅಲೆಮಾರಿಗಳ, ಪರಂಪರೆಗೆ ಸೇರಿಸಬೇಡಿ, ಮಕ್ಕಳ ತಲೆಯಲ್ಲಿ ತಪ್ಪು ಚಿತ್ರ ಕೂರುತ್ತದೆ. ಪೀಕಾರೊ ಒಂಟಿ. ಹಸಿವಿಗಾಗಿ ಒಬ್ಬ ಯಜಮಾನನಿಂದ ಇನ್ನೊಬ್ಬನಿಗೆ ಸಾಗುತ್ತಾನೆ, ಅವನಿಗೆ ಯೋಜನೆಯೂ ಇಲ್ಲ, ತಂಡವೂ ಇಲ್ಲ. ಆ ಸೀರೀಸ್‌ನಲ್ಲಿ ದರೋಡೆ ಮಾಡುವ ಪ್ರೊಫೆಸರ್‌ನ ತಂಡ ಅದಕ್ಕೆ ಪೂರ್ತಿ ಉಲ್ಟಾ. ಆದರೆ ಆ ಸೀರೀಸ್‌ನಲ್ಲಿ ಕಥೆ ಹೇಳುವವಳು ತಂಡದಲ್ಲೊಬ್ಬಳಾದ ಟೋಕ್ಯೊ. ತಾನು ಕಣ್ಣಾರೆ ಕಾಣದ ಸಂಗತಿಗಳನ್ನೂ ಹೇಳುತ್ತಾಳೆ. ಐದನೇ ಭಾಗ ನೋಡಿದವರಿಗಂತೂ ಆ ದನಿ ಎಲ್ಲಿಂದ ಬರುತ್ತಿದೆ ಎಂಬುದೇ ದೊಡ್ಡ ಪ್ರಶ್ನೆ. ನಿರೂಪಕರನ್ನು ನಂಬುವುದು ಹೇಗೆ ಎಂಬ ಚರ್ಚೆಗೆ ಅಷ್ಟನ್ನು ಬಳಸಿ.

‘ಎಲ್ ಮಿನಿಸ್ತೇರಿಯೊ ದೆಲ್ ತಿಯೆಂಪೊ’ ಎಂಬ ಸ್ಪೇನಿನ ಸರ್ಕಾರಿ ವಾಹಿನಿಯ ಸೀರೀಸ್ (2015-2020) ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಾಲದಲ್ಲಿ ಹಿಂದೆ ಹೋಗಿ ಇತಿಹಾಸ ಕೆಡದಂತೆ ಕಾಯುವ ಸರ್ಕಾರಿ ಇಲಾಖೆಯ ಕಥೆ. ಲೋಪೆ, ಸೆರ್ವಾಂತೆಸ್ ಪಾತ್ರಗಳಾಗಿ ಬರುತ್ತಾರೆ, ಲಾಸಾರಿಯೊ ಕೂಡ ಒಂದು ಕಂತಿನಲ್ಲಿ ಜೀವಂತ ಹುಡುಗನಾಗಿ ಎದುರಾಗುತ್ತಾನೆ. ಅಪಾಯವೂ ಅಲ್ಲೇ ಇದೆ: ಅದನ್ನು ನೋಡಿದ ಮಕ್ಕಳು ಲಾಸಾರೊ ನಿಜವಾಗಿ ಬದುಕಿದ್ದ, ಪುಸ್ತಕ ಅವನೇ ಬರೆದ ಎಂದುಕೊಳ್ಳುತ್ತಾರೆ. ಆ ಕೃತಿ ಅನಾಮಿಕ. 1559ರಲ್ಲಿ ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿತು. ಕಂತು ತೋರಿಸುವ ಮೊದಲು ಈ ಎರಡು ವಿಷಯ ಹೇಳಿಬಿಡಿ.

‘ಕಿಹೋತೆ’ಗೆ ಬಂದರೆ ಗಾಳಿಯಂತ್ರದ ಪ್ರಸಂಗಕ್ಕೆ ವಿಡಿಯೊ ಹುಡುಕುತ್ತಾ ಕೂರಬೇಡಿ, ಅದು ಎಲ್ಲರಿಗೂ ಗೊತ್ತಿರುವ ಚಿತ್ರ. ಅದೇ ಎಂಟನೇ ಅಧ್ಯಾಯದ ಕೊನೆಗೆ ಹೋಗಿ. ಕಿಹೋತೆ ಮತ್ತು ಬಾಸ್ಕ್ ಆಳು ಎದುರುಬದುರು ಕತ್ತಿ ಎತ್ತಿದ್ದಾರೆ. ಅಲ್ಲಿ ಲೇಖಕ, ಮುಂದಿನ ಕಥೆ ತನಗೆ ಸಿಕ್ಕಿಲ್ಲ ಎಂದು ನಿಲ್ಲಿಸಿಬಿಡುತ್ತಾನೆ. ಸೀರೀಸ್ ನೋಡುವ ಮಕ್ಕಳಿಗೆ ಇದು ಏನೆಂದು ಹೇಳಿಕೊಡಬೇಕಾಗಿಲ್ಲ. ಅವರಿಗೆ ಪ್ರಿಯವಾದ ಯಾವುದಾದರೂ ಕಂತಿನ ಕೊನೆಯ ಒಂದು ನಿಮಿಷ ತೋರಿಸಿ, ಎಂಟನೇ ಅಧ್ಯಾಯದ ಕೊನೆಯ ಪ್ಯಾರಾ ಓದಿಸಿ, ಅಂದಿಗೆ ತರಗತಿ ಮುಗಿಸಿ. ಮುಂದೇನೆಂದು ಎಂಟು ಸಾಲು ಬರೆದುಕೊಂಡು ಬರಲಿ. ಒಂಬತ್ತನೇ ಅಧ್ಯಾಯದಲ್ಲಿ ಅವರು ಯಾರೂ ಊಹಿಸದ್ದು ಕಾದಿರುತ್ತದೆ. ನಿರೂಪಕ ತೊಲೇದೊದ ಪೇಟೆಯಲ್ಲಿ ಹಳೇ ಕಾಗದ ಮಾರುವ ಹುಡುಗನ ಹತ್ತಿರ ಅರಬ್ಬಿ ಹಸ್ತಪ್ರತಿ ಕೊಳ್ಳುತ್ತಾನೆ. ಎರಡು ಅರೋಬಾ ಒಣದ್ರಾಕ್ಷಿ, ಎರಡು ಫಾನೆಗಾ ಗೋಧಿ ಕೂಲಿ ಕೊಟ್ಟು ಅದನ್ನು ಅನುವಾದ ಮಾಡಿಸುತ್ತಾನೆ. ನಾವು ಓದುತ್ತಿರುವುದು ಯಾರ ಪುಸ್ತಕ ಎಂಬ ಪ್ರಶ್ನೆ ಅಲ್ಲಿಂದ ಶುರು.

ಎರಡನೇ ಸಂಪುಟಕ್ಕೆ ಮಕ್ಕಳ ಫ್ಯಾನ್ ಫಿಕ್ಷನ್ ಲೋಕವೇ ಹೇಳಿ ಮಾಡಿಸಿದ ದಾರಿ. ಸೆರ್ವಾಂತೆಸ್ ಇನ್ನೂ ಬರೆಯುತ್ತಿದ್ದಾಗಲೇ, 1614ರಲ್ಲಿ, ಅವೆಯಾನೇದಾ ಎಂಬ ಹೆಸರಿನ ಮರೆಯಲ್ಲಿ ಯಾರೋ ನಕಲಿ ಮುಂದುವರಿಕೆ ಪ್ರಕಟಿಸಿದರು. 1615ರ ಸಂಪುಟದ 59ನೇ ಅಧ್ಯಾಯದಲ್ಲಿ ಕಿಹೋತೆಯೇ ಛತ್ರವೊಂದರಲ್ಲಿ ಆ ಪುಸ್ತಕದ ಸುದ್ದಿ ಕೇಳುತ್ತಾನೆ. ನಕಲಿ ಕಿಹೋತೆ ಸಾರಾಗೋಸಾಕ್ಕೆ ಹೋಗಿದ್ದ ಎಂಬ ಒಂದೇ ಕಾರಣಕ್ಕೆ ತಾನು ಬಾರ್ಸಿಲೋನಾ ದಾರಿ ಹಿಡಿಯುತ್ತಾನೆ. 72ನೇ ಅಧ್ಯಾಯದಲ್ಲಂತೂ ನಕಲಿ ಪುಸ್ತಕದ ಒಂದು ಪಾತ್ರವನ್ನೇ ಹಿಡಿದು, ಇವನೇ ಅಸಲಿ ಕಿಹೋತೆ ಎಂದು ಊರ ಅಧಿಕಾರಿಯ ಮುಂದೆ ಹೇಳಿಕೆ ಬರೆಸಿಕೊಳ್ಳುತ್ತಾನೆ. ಪಠ್ಯಕ್ರಮದಲ್ಲಿ ಇಲ್ಲದಿದ್ದರೂ ಈ ಎರಡು ಅಧ್ಯಾಯಗಳಿಂದ ಒಂದೊಂದು ಪುಟ ಸೇರಿಸಿ. ಇಡೀ ಪತ್ರಿಕೆಯಲ್ಲಿ ಮಕ್ಕಳು ತಾವಾಗಿ ಚರ್ಚೆಗಿಳಿಯುವ ಜಾಗ ಇದು.

ಕಾಲ್ದೆರೋನ್ ಜೊತೆ ‘ದಿ ಮೇಟ್ರಿಕ್ಸ್’ ಹಾಕುವುದು ಎಲ್ಲೆಡೆ ರೂಢಿ. ಆದರೆ ನಾಟಕದ ಹೃದಯವೇ ಅಲ್ಲಿ ಕೈತಪ್ಪುತ್ತದೆ. ಆ ಸಿನಿಮಾದಲ್ಲಿ ಕಾಣುವ ಲೋಕ ಸುಳ್ಳು, ನಾಯಕ ಅದರಿಂದ ಹೊರಬರಬೇಕು. ನಾಟಕದ ನಾಯಕ, ರಾಜಕುಮಾರ ಸೆಹಿಸ್ಮುಂದೊ ಕಂಡ ಅರಮನೆ ಸುಳ್ಳಲ್ಲ. ನಿಜವಾಗಿ ನಡೆದದ್ದನ್ನು ಅವನಿಗೆ ಕನಸೆಂದು ನಂಬಿಸಲಾಗಿದೆ. ಕನಸೋ ನಿಜವೋ ತಿಳಿಯುವ ದಾರಿಯಿಲ್ಲದಿದ್ದಾಗ ಹೇಗೆ ಬಾಳಬೇಕು ಎಂಬುದು ನಾಟಕದ ಪ್ರಶ್ನೆ. ಕನಸಿನಲ್ಲಾದರೂ ಒಳ್ಳೆಯದು ಮಾಡಿದ್ದು ಹಾಳಾಗುವುದಿಲ್ಲ ಎಂದು ಎರಡನೇ ಅಂಕದ ಕೊನೆಯಲ್ಲಿ ಅವನ ಕಾವಲುಗಾರ ಕ್ಲೊತಾಲ್ದೊ ಹೇಳುವ ಮಾತು ಅದಕ್ಕೆ ಕೀಲಿಕೈ, ಪ್ರಸಿದ್ಧ ಸ್ವಗತ ಬರುವುದು ಅದರ ಬೆನ್ನಿಗೇ. ಮೇಟ್ರಿಕ್ಸ್ ತೋರಿಸಿದ ತರಗತಿಗಳಲ್ಲಿ ಮಕ್ಕಳು ಸ್ವಗತವನ್ನಷ್ಟೇ ಓದಿ “ಬದುಕೆಲ್ಲ ಭ್ರಮೆ” ಎಂದು ಉತ್ತರ ಬರೆದು ಮುಗಿಸುತ್ತಾರೆ. ‘ದಿ ಟ್ರೂಮನ್ ಶೋ’ (1998) ಇದಕ್ಕಿಂತ ಹತ್ತಿರ. ಅಲ್ಲಿ ಒಬ್ಬ ಸೃಷ್ಟಿಕರ್ತ ಮಗುವೊಂದನ್ನು ಹುಟ್ಟಿನಿಂದ ಕೂಡಿಹಾಕಿ ಗಮನಿಸುತ್ತಾನೆ, ಇಲ್ಲಿ ರಾಜ ಬಸೀಲಿಯೊ ಜಾತಕ ನಂಬಿ ಮಗನನ್ನು ಗೋಪುರದಲ್ಲಿಟ್ಟು, ಆಮೇಲೆ ಪ್ರಯೋಗಕ್ಕೆಂದು ಒಂದು ದಿನ ಸಿಂಹಾಸನಕ್ಕೆ ತರುತ್ತಾನೆ. ತಂದೆಗೆ ಆ ಹಕ್ಕು ಇತ್ತೇ ಎಂಬ ಪ್ರಶ್ನೆ ಎತ್ತಿದರೆ ಮೊದಲ ಅಂಕದಲ್ಲಿ ಬಸೀಲಿಯೊ ಮಾಡುವ ಉದ್ದನೆಯ ಭಾಷಣ ಓದಲು ಕಾರಣ ಸಿಗುತ್ತದೆ. ಪದ್ಯ ಕಿವಿಗೆ ಬೀಳಬೇಕೆಂದರೆ ಪಿಲಾರ್ ಮಿರೊ 1996ರಲ್ಲಿ ಮಾಡಿದ ‘ಎಲ್ ಪೆರೊ ದೆಲ್ ಓರ್ತೆಲಾನೊ’ ಸಿನಿಮಾದ ಐದು ನಿಮಿಷ ಕೇಳಿಸಿ. ಲೋಪೆಯ ಪದ್ಯವನ್ನು ಪದ್ಯವಾಗಿಯೇ ಉಳಿಸಿಕೊಂಡ ಚಿತ್ರ ಅದು.

ರ‍್ಯಾಪ್ ಬ್ಯಾಟಲ್ ಚಟುವಟಿಕೆ ಕೆಲಸ ಮಾಡುತ್ತದೆ, ಎರಡು ಎಚ್ಚರ ಇದ್ದರೆ. ಒಂದು, ಛಂದಸ್ಸು. ಸಾನೆಟ್‌ನ ಸಾಲಿಗೆ 11 ಉಚ್ಚಾರಾಂಶ. ಸಾಮಾನ್ಯ ನಾಲ್ಕೆಣಿಕೆಯ ಬೀಟ್‌ಗೆ ಅದು ಹೊರಗೆ ಚೆಲ್ಲುತ್ತದೆ, ಮಕ್ಕಳು ಪದ ನುಂಗುತ್ತಾರೆ. ಎಂಟರ ಸಾಲು ಸರಿಯಾಗಿ ಕೂರುತ್ತದೆ. ಕೆವೇದೊನ ‘ಪೊದೆರೋಸೊ ಕಬಯೇರೊ’ ಎಂಬ ಹಣದ ಮೇಲಿನ ಪದ್ಯ ಎಂಟರದ್ದು, ಪಲ್ಲವಿಯೂ ಇದೆ, ಅದರಿಂದ ಶುರು ಮಾಡಿ. ನಮ್ಮ ಮಕ್ಕಳು ಮಾತ್ರೆ ಎಣಿಸಿ ಅಭ್ಯಾಸವಾದವರು. ಇಲ್ಲಿ ಲಘು-ಗುರು ಇಲ್ಲ, ಉಚ್ಚಾರಾಂಶದ ಎಣಿಕೆ ಮಾತ್ರ, ಮತ್ತು ಒಂದು ಪದದ ಕೊನೆಯ ಸ್ವರ ಮುಂದಿನ ಪದದ ಸ್ವರದೊಡನೆ ಕೂಡಿ ಒಂದಾಗುತ್ತದೆ. “ಮಾದ್ರೆ, ಯೊ ಆಲ್ ಓರೊ ಮೆ ಉಮಿಯೊ” ಎಂಬ ಮೊದಲ ಸಾಲನ್ನು ಬಿಡಿಬಿಡಿಯಾಗಿ ಎಣಿಸಿದರೆ ಹತ್ತು. ‘ಯೊ ಆಲ್’, ‘ಮೆ ಉ’ ಎರಡನ್ನೂ ಕೂಡಿಸಿದರೆ ಎಂಟು. ಇದನ್ನು ಮೊದಲೇ ಹೇಳಿಕೊಡದಿದ್ದರೆ ಬೀಟ್ ಹಾಕಿದ ಕೂಡಲೇ ಎಲ್ಲ ಕಲಸಿಹೋಗುತ್ತದೆ.

ಎರಡನೇ ಎಚ್ಚರ ಇನ್ನೂ ಮುಖ್ಯ. ಗೊಂಗೋರಾನ ಮೇಲೆ ಕೆವೇದೊ ಎಸೆದ ಬೈಗುಳಗಳಲ್ಲಿ ಯೆಹೂದಿ ದ್ವೇಷ ಇದೆ. ನನ್ನ ಕವಿತೆಯನ್ನು ನೀನು ಕಚ್ಚದಂತೆ ಅದಕ್ಕೆ ಹಂದಿಕೊಬ್ಬು ಸವರುತ್ತೇನೆ ಎಂಬುದು ಜಾಣ ಜೋಕಲ್ಲ, ಹಂದಿಮಾಂಸ ಯೆಹೂದಿಗಳಿಗೆ ನಿಷಿದ್ಧ. ಗೊಂಗೋರಾ ಯೆಹೂದಿ ಮೂಲದವನೆಂಬ ಚುಚ್ಚುಮಾತು, ಇನ್‌ಕ್ವಿಸಿಷನ್ (ಧರ್ಮ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ನ್ಯಾಯಮಂಡಳಿ) ನಡೆಯುತ್ತಿದ್ದ ದೇಶದಲ್ಲಿ ಆಡಿದ ಮಾತು. ದೊಡ್ಡ ಮೂಗಿನ ಸಾನೆಟ್‌ನಲ್ಲೂ ಅದರ ನೆರಳಿದೆ. ವೇದಿಕೆಗೆ ಹತ್ತಿಸುವ ಮೊದಲು ಹತ್ತು ನಿಮಿಷ ಇದನ್ನು ವಿವರಿಸಲೇಬೇಕು. ಸಮಯ ಇಲ್ಲದಿದ್ದರೆ ಆ ಕವಿತೆಗಳನ್ನು ಪ್ರದರ್ಶನಕ್ಕೆ ಕೊಡಬೇಡಿ. ಇನ್ನೊಂದು ಸಣ್ಣ ವಿಷಯ: ಕೆವೇದೊ ಎಂದಷ್ಟೇ ಹುಡುಕಿದರೆ 2022ರಿಂದ ಪ್ರಸಿದ್ಧನಾದ ಕೆನರಿ ದ್ವೀಪಗಳ ಗಾಯಕ ಸಿಗುತ್ತಾನೆ. ‘ಫ್ರಾನ್ಸಿಸ್ಕೊ ದೆ ಕೆವೇದೊ’ ಎಂದು ಪೂರ್ತಿ ಹೆಸರು ಹಾಕಲು ಹೇಳಿ.

ಗೊಂಗೋರಾನಿಗೆ ಜಗಳಕ್ಕಿಂತ ಒಳ್ಳೆಯ ಪ್ರವೇಶವಿದೆ. ‘ಮಿಯೆಂತ್ರಾಸ್ ಪೋರ್ ಕೊಂಪೆತೀರ್’ ಸಾನೆಟ್ ಕೂದಲಿನಿಂದ ಹಣೆಗೆ, ತುಟಿಗೆ, ಕೊರಳಿಗೆ ಇಳಿಯುತ್ತದೆ. ಎದುರಿಗೆ ಚಿನ್ನ, ಲಿಲಿ, ಕಾರ್ನೇಷನ್, ಸ್ಫಟಿಕ. ಕೊನೆಯ ಸಾಲಿನಲ್ಲಿ ಎಲ್ಲವೂ ಕುಸಿಯುತ್ತವೆ: “ಎನ್ ತಿಯೆರಾ, ಎನ್ ಉಮೊ, ಎನ್ ಪೋಲ್ವೊ, ಎನ್ ಸೋಂಬ್ರಾ, ಎನ್ ನಾದಾ”, ಮಣ್ಣು, ಹೊಗೆ, ಧೂಳು, ನೆರಳು, ಏನೂ ಇಲ್ಲ. ಮಕ್ಕಳು ಮೊಬೈಲಿನಲ್ಲಿ 40 ಸೆಕೆಂಡಿನ ರೀಲ್ ಮಾಡಲಿ: ನಾಲ್ಕು ನಿಧಾನದ ಶಾಟ್, ಕೊನೆಯ ಸಾಲಿಗೆ ಐದು ಚುರುಕು ಕಟ್. ಮೊದಲ ಸಲ ಬಹುತೇಕರು ಕೊನೆಯನ್ನೂ ನಿಧಾನವಾಗಿಯೇ ತೆಗೆಯುತ್ತಾರೆ. ಸಾಲನ್ನು ಗಟ್ಟಿಯಾಗಿ ಓದಿಸಿದರೆ ಅದರ ವೇಗ ಅವರಿಗೇ ತಿಳಿದು ಮತ್ತೆ ಕತ್ತರಿಸುತ್ತಾರೆ.

ಹಾಡುಗಳಲ್ಲಿ ಕವಿಯ ಮಾತು ಯಾವುದು, ಗಾಯಕರದ್ದು ಯಾವುದು ಎಂದು ಮೂಲದೊಡನೆ ತಾಳೆ ನೋಡದೆ ಕೊಡಬೇಡಿ. ಗಾಯಕ ಸೆರಾತ್ 1969ರಲ್ಲಿ ಹಾಡಿದ ‘ಕಾಂತಾರೆಸ್’ನಲ್ಲಿ ಕವಿ ಮಚಾದೊನ ಸಾಲುಗಳ ಜೊತೆ ಸೆರಾತ್ ತಾನೇ ಬರೆದ ಸಾಲುಗಳಿವೆ. ಕವಿ ಮನೆಯಿಂದ ದೂರ ಸತ್ತ ಎಂಬ ಭಾಗ ಮಚಾದೊ ಬರೆದಿರಲು ಸಾಧ್ಯವೇ ಇಲ್ಲ, ಅದು ಅವನದೇ ಸಾವಿನ ಮಾತು. ಆದರೂ ಪರೀಕ್ಷೆಯಲ್ಲಿ ಅದನ್ನು ಮಚಾದೊ ಹೆಸರಿಗೆ ಹಾಕುವವರು ಇದ್ದೇ ಇರುತ್ತಾರೆ. ರೊಸಾಲಿಯಾಳ 2018ರ ‘ಎಲ್ ಮಾಲ್ ಕೆರೇರ್’ ಆಲ್ಬಂ ಮಧ್ಯಯುಗದ ಕಥೆಯೊಂದರ ಮೇಲೆ ನಿಂತಿದೆ ಎಂಬುದು ನಿಜ. ಆದರೆ ಆ ‘ಫ್ಲಮೆಂಕಾ’ 13ನೇ ಶತಮಾನದ ಆಕ್ಸಿಟಾನ್ ಭಾಷೆಯ ಕೃತಿ, ಸ್ಪ್ಯಾನಿಷ್ ಅಲ್ಲ. ಕೇಳಿಸಿ, ಸ್ಪ್ಯಾನಿಷ್ ಅಭಿಜಾತ ಕೃತಿ ಎಂದು ಮಾತ್ರ ಹೇಳಬೇಡಿ. “ನಾಯಿ ಬೊಗಳುತ್ತಿವೆ ಸಾಂಚೊ, ನಾವು ಮುಂದೆ ಸಾಗುತ್ತಿದ್ದೇವೆ ಎಂದರ್ಥ” ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತು ಕೂಡ ‘ಕಿಹೋತೆ’ಯ ಎರಡೂ ಸಂಪುಟಗಳಲ್ಲಿ ಎಲ್ಲೂ ಇಲ್ಲ. ಡಿಜಿಟಲ್ ಪಠ್ಯದಲ್ಲಿ ಹುಡುಕಿ ಅದನ್ನು ಸಾಬೀತು ಮಾಡುವುದು ಒಳ್ಳೆಯ ಮನೆಗೆಲಸ.

ಎಷ್ಟು ಹೊತ್ತು ಎಂದಿರಿ. ಒಂದು ಗಂಟೆಯ ತರಗತಿಯಲ್ಲಿ ಕ್ಲಿಪ್ ನಾಲ್ಕು ನಿಮಿಷ ದಾಟಬಾರದು. ಅದನ್ನೇ ಎರಡು ಸಲ ತೋರಿಸಿ: ಮೊದಲು ದನಿ ಇಲ್ಲದೆ, ಕಂಡದ್ದನ್ನು ಮಕ್ಕಳು ಸ್ಪ್ಯಾನಿಷ್‌ನಲ್ಲಿ ಹೇಳಲಿ. ಆಮೇಲೆ ದನಿ ಮತ್ತು ಸ್ಪ್ಯಾನಿಷ್ ಸಬ್‌ಟೈಟಲ್ ಜೊತೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿದರೆ ಕಿವಿ ಮುಚ್ಚಿ ಇಂಗ್ಲಿಷ್ ಓದುತ್ತಾರೆ. ಡಬ್ ಆದ ಚಿತ್ರಗಳಲ್ಲಿ ಸಬ್‌ಟೈಟಲ್‌ಗೂ ದನಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ, ಸ್ಪ್ಯಾನಿಷ್‌ನಲ್ಲೇ ತೆಗೆದದ್ದನ್ನು ಆರಿಸಿ. ಸ್ಪೇನಿನ ಸರ್ಕಾರಿ ವಾಹಿನಿಯ ತಾಣವಾದ ಆರ್‌ಟಿವಿಇ ಪ್ಲೇಯಲ್ಲಿ ಬಹಳಷ್ಟು ಉಚಿತ, ಎಲ್ಲವೂ ಭಾರತದಲ್ಲಿ ತೆರೆಯುವುದಿಲ್ಲ, ಹಿಂದಿನ ದಿನವೇ ಕಾಲೇಜಿನ ಇಂಟರ್‌ನೆಟ್‌ನಲ್ಲಿ ತೆರೆದು ನೋಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿದ್ಯಾರ್ಥಿಗಳು, ಸಿಬ್ಬಂದಿಯಷ್ಟೇ ಇರುವ ಕಡೆ ಶಿಕ್ಷಣದ ಭಾಗವಾಗಿ ಸಿನಿಮಾ ತೋರಿಸಲು ಅವಕಾಶ ಕೊಡುತ್ತದೆ. ಅದೇ ಕ್ಲಿಪ್ ಕತ್ತರಿಸಿ ಯೂಟ್ಯೂಬ್‌ಗೆ ಹಾಕುವುದು ಬೇರೆ ಮಾತು, ಹಾಕಬೇಡಿ. ಸ್ಟ್ರೀಮಿಂಗ್ ಕಂಪನಿಗಳ ಖಾತೆ ಮನೆಬಳಕೆಗೆಂದು ಕೊಟ್ಟದ್ದು. ಅವರ ಷರತ್ತು ಕಾಯ್ದೆಗಿಂತ ಬಿಗಿ ಇರಬಹುದು, ಓದಿಕೊಳ್ಳಿ.

ಅಂಕಕ್ಕೆ ಬಂದರೆ, ಚಟುವಟಿಕೆಯ ಚಂದಕ್ಕೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಡಬೇಡಿ. ಅರ್ಧದಷ್ಟು ಮೂಲಪಠ್ಯದ ಆಧಾರಕ್ಕೆ, ಉಳಿದದ್ದು ಭಾಷೆಗೆ. ಪ್ರಶ್ನೆಪತ್ರಿಕೆಯಲ್ಲಿ “ಕಥಾಸಾರಾಂಶ ಬರೆಯಿರಿ” ಇರುವವರೆಗೆ ಸಿನಿಮಾ, ಗೈಡು, ಎಐ ಮೂರೂ ಓದಿನ ಜಾಗಕ್ಕೆ ಬಂದು ಕೂರುತ್ತವೆ. ಬದಲಿಗೆ ಹದಿನೈದು ಸಾಲು ಮೂಲ ಕೊಟ್ಟು, ಲಾಸಾರೊ ಇಲ್ಲಿ ಏನನ್ನು ಮುಚ್ಚಿಡುತ್ತಿದ್ದಾನೆ, ಯಾವ ಪದದಿಂದ ನಿಮಗೆ ತಿಳಿಯಿತು ಎಂದು 120 ಪದಗಳಲ್ಲಿ ಕೇಳಿ. ನೋಡಿದ ಕ್ಲಿಪ್ ಒಂದನ್ನು ಹೆಸರಿಸಿ, ನಿರ್ದೇಶಕರು ಈ ಸಾಲುಗಳಲ್ಲಿ ಯಾವುದನ್ನು ಕೈಬಿಟ್ಟರು, ಬಿಟ್ಟದ್ದರಿಂದ ಏನು ಬದಲಾಯಿತು ಎಂದು ಇನ್ನೊಂದು ಪ್ರಶ್ನೆ. ಮುಖ್ಯಸ್ಥರಿಗೆ ಮಾತಿನಲ್ಲಿ ಸಮಜಾಯಿಷಿ ಕೊಡುವುದಕ್ಕಿಂತ ಈ ಪ್ರಶ್ನೆಪತ್ರಿಕೆಯನ್ನು ತೋರಿಸಿ. ಜೊತೆಗೆ ವಾರದ ಪಾಠಯೋಜನೆಯಲ್ಲಿ ಒಂದು ಕಾಲಂನಲ್ಲಿ ಕ್ಲಿಪ್‌ನ ನಿಮಿಷ, ಪಕ್ಕದ ಕಾಲಂನಲ್ಲಿ ಅದಕ್ಕೆ ಉತ್ತರ ಕೊಡುವ ಪುಟ ಮತ್ತು ಸಾಲಿನ ಸಂಖ್ಯೆ ಬರೆದು ಕೊಡಿ. ಎರಡನೇ ಕಾಲಂ ತುಂಬಲಾಗದ ಕ್ಲಿಪ್ ಇದ್ದರೆ ಅದನ್ನು ನೀವೇ ಮೊದಲು ಹೊಡೆದುಹಾಕಿ.